ಒಣಗಿದ ಎಲೆಗಳಿಗೆ ಮನೆ ಕಟ್ಟಿಸಿದ ಏಸಾ ಗ್ರೇ

ಹೈಸ್ಕೂಲಿನಲ್ಲಿ ಜೀವವಿಕಾಸದ ಪಾಠ ಓದಿದವರಿಗೆಲ್ಲ ಚಾರ್ಲ್ಸ್ ಡಾರ್ವಿನ್ ಹೆಸರು ಗೊತ್ತಿರುತ್ತದೆ. ಡಾರ್ವಿನ್ ತಮ್ಮ ಪ್ರಸಿದ್ಧ ಪುಸ್ತಕವನ್ನು ಪ್ರಕಟಿಸಿದ್ದು 1859ರಲ್ಲಿ. ಅದಕ್ಕೂ ಎರಡು ವರ್ಷ ಮೊದಲೇ ಅವರು ತಮ್ಮ ಸಿದ್ಧಾಂತದ ಸಾರಾಂಶವನ್ನು ಒಂದು ಕಾಗದದಲ್ಲಿ ಬರೆದು, ಸದ್ಯಕ್ಕೆ ಗುಟ್ಟಾಗಿ ಇಡಬೇಕೆಂದು ಕೇಳಿಕೊಂಡು ಅಮೆರಿಕದ ಒಬ್ಬ ಸಸ್ಯವಿಜ್ಞಾನಿಗೆ ಕಳಿಸಿದ್ದರು. ಅಷ್ಟು ನಂಬಿಕೆಗೆ ಪಾತ್ರರಾದ ಆ ವ್ಯಕ್ತಿಯ ಹೆಸರು ಏಸಾ ಗ್ರೇ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಅವರ ಹೆಸರು ಕೇಳದ ವಿದ್ಯಾವಂತರು ಕಡಿಮೆ. ಅಲ್ಲಿನ ಶಾಲಾ ಮಕ್ಕಳು ಸಸ್ಯಶಾಸ್ತ್ರ ಕಲಿಯುತ್ತಿದ್ದುದು ಅವರು ಬರೆದ ಪಠ್ಯಪುಸ್ತಕಗಳಿಂದಲೇ. ನಮ್ಮ ಪಾಠದಲ್ಲಿ ಅವರ ಹೆಸರು ಬರುವುದಿಲ್ಲ. ಆದ್ದರಿಂದ ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅವರನ್ನು ಪರಿಚಯಿಸಬೇಕೆಂದು ನನಗೆ ಅನ್ನಿಸಿತು.

ನಾನು ಈ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ಬಿ.ಇ. ಮುಗಿಸಿ, ಈಗ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಸಾಫ್ಟ್‌ವೇರಿನವನಿಗೂ ಗಿಡಮರಗಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೆಲವು ವರ್ಷಗಳ ಹಿಂದೆ ನಮ್ಮ ತಂಡಕ್ಕೆ ಒಂದು ಕೆಲಸ ಬಂತು. ಒಂದು ವಿಶ್ವವಿದ್ಯಾಲಯದಲ್ಲಿ ಲಕ್ಷಗಟ್ಟಲೆ ಒಣಗಿದ ಗಿಡಗಳನ್ನು ಹಾಳೆಗಳಿಗೆ ಅಂಟಿಸಿ ಇಟ್ಟಿದ್ದರು. ಆ ಹಾಳೆಗಳ ಫೋಟೋ ತೆಗೆದು, ಮೂಲೆಯಲ್ಲಿರುವ ಚೀಟಿಯಲ್ಲಿ ಬರೆದದ್ದನ್ನು ಕಂಪ್ಯೂಟರ್ ಓದುವಂತೆ ಮಾಡಬೇಕಿತ್ತು. ನನಗೆ ಮೊದಲು ಇದೊಂದು ಸಾಮಾನ್ಯ ಡೇಟಾ ಎಂಟ್ರಿ ಕೆಲಸದಂತೆ ಕಂಡಿತು. ಒಣಗಿದ ಕಸಕ್ಕೆ ಇಷ್ಟು ಖರ್ಚು ಏಕೆ ಎಂದು ನಮ್ಮಲ್ಲಿ ಕೆಲವರು ತಮಾಷೆಯನ್ನೂ ಮಾಡಿದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಏಸಾ ಗ್ರೇ ಅವರ ಜೀವನ.

ತೊಗಟೆಯ ಗಿರಣಿಯಿಂದ ವೈದ್ಯ ಕಾಲೇಜಿಗೆ

ಏಸಾ ಗ್ರೇ ಹುಟ್ಟಿದ್ದು 1810ರ ನವೆಂಬರ್ 18ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಾಕ್ವಾಯ್ಟ್ ಎಂಬ ಹಳ್ಳಿಯಲ್ಲಿ. ತಂದೆ ಮೋಸಸ್ ಗ್ರೇ ಚರ್ಮ ಹದ ಮಾಡುವ ಕಸುಬಿನವರು. ಎಂಟು ಮಕ್ಕಳಲ್ಲಿ ಏಸಾ ಹಿರಿಯವನು. ನಮ್ಮ ಕಡೆ ಹಿಂದೆ ತಂಗಡಿ ಗಿಡದ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದಂತೆ ಅಲ್ಲಿಯೂ ಮರದ ತೊಗಟೆಯನ್ನು ಪುಡಿ ಮಾಡಿ ಬಳಸುತ್ತಿದ್ದರು. ಕುದುರೆ ಸುತ್ತು ಹಾಕಿ ತಿರುಗಿಸುವ ಗಿರಣಿ ಅದು. ಕುದುರೆಯನ್ನು ಓಡಿಸುವುದು, ಗಿರಣಿಗೆ ತೊಗಟೆ ತುಂಬುವುದು, ಇದು ಬಾಲಕ ಏಸಾನ ಕೆಲಸ. ಬೇಸರದ ಕೆಲಸವಾಗಿತ್ತೆಂದು ಮುಂದೆ ಅವರೇ ನೆನಪಿಸಿಕೊಂಡಿದ್ದಾರೆ.

ಮಗನಿಗೆ ಓದಿನ ಮೇಲೆ ಆಸೆ ಇರುವುದನ್ನು ಕಂಡ ತಂದೆ ಅವನನ್ನು ಶಾಲೆಗೆ ಕಳಿಸಿದರು. ಫೇರ್‌ಫೀಲ್ಡ್ ಎಂಬಲ್ಲಿ ಓದು ಮುಂದುವರಿಯಿತು. ಅಲ್ಲಿಯೇ ಇದ್ದ ವೈದ್ಯ ಕಾಲೇಜು ಸೇರಿ 1831ರಲ್ಲಿ ಡಾಕ್ಟರ್ ಪದವಿಯನ್ನೂ ಪಡೆದರು. ಆದರೆ ಅದಕ್ಕೂ ಮೊದಲೇ ಅವರ ದಾರಿ ಬೇರೆಯಾಗಿತ್ತು. 1827-28ರ ಚಳಿಗಾಲದಲ್ಲಿ ಒಂದು ವಿಶ್ವಕೋಶದಲ್ಲಿ ಸಸ್ಯಶಾಸ್ತ್ರದ ಲೇಖನ ಓದಿದ ಹುಡುಗನಿಗೆ ಗಿಡಗಳನ್ನು ಗುರುತಿಸಬೇಕೆಂಬ ಹುಚ್ಚು ಹಿಡಿಯಿತು. ಆದರೆ ಹೊರಗೆಲ್ಲ ಹಿಮ. ಗಿಡ ಗುರುತಿಸುವ ಕೈಪಿಡಿಯೊಂದನ್ನು ಕೊಂಡು ತಂದು ವಸಂತಕ್ಕಾಗಿ ಕಾದ. ಹಿಮ ಕರಗಿ ಮೊದಲ ಹೂವು ಅರಳಿದಾಗ ಅದನ್ನು ಕಿತ್ತು ತಂದು, ಪುಸ್ತಕ ಎದುರಿಗಿಟ್ಟುಕೊಂಡು, ಎಸಳು, ಕೇಸರ ಎಲ್ಲ ಎಣಿಸಿ, ಅದು ಕ್ಲೇಟೋನಿಯಾ ವರ್ಜಿನಿಕಾ ಎಂದು ಕಂಡುಹಿಡಿದ. ಅವನಿಗಾಗ ಹದಿನೇಳು ವರ್ಷ. ಯಾರೂ ಹೇಳಿಕೊಡದೆ ತಾನೇ ಒಂದು ಗಿಡದ ಹೆಸರು ಪತ್ತೆ ಮಾಡಿದ್ದು ಅವನ ಜೀವನದ ದಿಕ್ಕನ್ನೇ ತಿರುಗಿಸಿತು.

ಗುರುತಿಸಲು ಆಗದ ಗಿಡಗಳನ್ನು ಒಣಗಿಸಿ ನ್ಯೂಯಾರ್ಕಿನ ಜಾನ್ ಟಾರೀ ಎಂಬ ಹಿರಿಯ ಸಸ್ಯವಿಜ್ಞಾನಿಗೆ ಅಂಚೆಯಲ್ಲಿ ಕಳಿಸತೊಡಗಿದರು. ಟಾರೀ ಉತ್ತರ ಬರೆದರು. ಕಾಗದಗಳ ಮೂಲಕ ಬೆಳೆದ ಪರಿಚಯ ಗುರುಶಿಷ್ಯರ ಸಂಬಂಧವಾಯಿತು. ಗ್ರೇ ವೈದ್ಯವೃತ್ತಿಯನ್ನು ಬಿಟ್ಟು, ಸ್ವಲ್ಪ ಕಾಲ ಶಾಲಾ ಮೇಷ್ಟರಾಗಿ ದುಡಿದು, ಟಾರೀ ಅವರಿಗೆ ಸಹಾಯಕರಾದರು. ಸಂಬಳ ಅಷ್ಟಕ್ಕಷ್ಟೆ. ಆದರೂ 1836ರಲ್ಲಿ, ಇಪ್ಪತ್ತಾರು ತುಂಬುವ ಮೊದಲೇ, ಮೊದಲ ಸಸ್ಯಶಾಸ್ತ್ರ ಪಠ್ಯಪುಸ್ತಕವನ್ನು ಬರೆದು ಪ್ರಕಟಿಸಿದರು.

ಪ್ಯಾರಿಸ್ಸಿನ ಹೆಸರಿಲ್ಲದ ಹಾಳೆ

1838ರಲ್ಲಿ ಆಗಷ್ಟೇ ರೂಪುಗೊಳ್ಳುತ್ತಿದ್ದ ಮಿಷಿಗನ್ ವಿಶ್ವವಿದ್ಯಾಲಯ ಗ್ರೇ ಅವರನ್ನು ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಪಾಠ ಮಾಡಲು ಅಲ್ಲಿ ಇನ್ನೂ ಕಟ್ಟಡ ಸಿದ್ಧವಾಗಿರಲಿಲ್ಲ. ಗ್ರಂಥಾಲಯಕ್ಕೆ ಪುಸ್ತಕ ಕೊಂಡು ತರಲು ಅವರ ಕೈಗೆ 5,000 ಡಾಲರ್ ಕೊಟ್ಟು ಯೂರೋಪಿಗೆ ಕಳಿಸಿದರು. ಗ್ರೇ ಪುಸ್ತಕಗಳನ್ನು ಕೊಂಡರು, ಅದರ ಜೊತೆಗೆ ತಮ್ಮ ಇನ್ನೊಂದು ಕೆಲಸವನ್ನೂ ಮಾಡಿಕೊಂಡರು. ಅಮೆರಿಕದ ಗಿಡಗಳನ್ನು ಮೊದಲು ಸಂಗ್ರಹಿಸಿದವರಲ್ಲಿ ಅನೇಕರು ಯೂರೋಪಿನವರು. ಅವರು ಒಯ್ದ ಮಾದರಿಗಳೆಲ್ಲ ಲಂಡನ್, ಪ್ಯಾರಿಸ್, ಜಿನೀವಾ, ಬರ್ಲಿನ್ ನಗರಗಳ ಹರ್ಬೇರಿಯಂಗಳಲ್ಲಿದ್ದವು. ಹರ್ಬೇರಿಯಂ ಎಂದರೆ ಒಣಗಿಸಿದ ಗಿಡಗಳ ಭಂಡಾರ. ತಮ್ಮ ನಾಡಿನ ಗಿಡದ ಸರಿಯಾದ ಹೆಸರು ತಿಳಿಯಲು ಅಮೆರಿಕದವರು ಸಮುದ್ರ ದಾಟಿ ಹೋಗಬೇಕಾಗಿತ್ತು. ಈ ಮಾತು ಗ್ರೇ ಅವರ ಮನಸ್ಸಿನಲ್ಲಿ ಉಳಿಯಿತು.

1839ರಲ್ಲಿ ಪ್ಯಾರಿಸ್ಸಿನಲ್ಲಿ, ಆಂದ್ರೆ ಮಿಷೋ ಎಂಬ ಫ್ರೆಂಚ್ ಸಂಗ್ರಾಹಕರ ಕಟ್ಟುಗಳನ್ನು ನೋಡುತ್ತಿದ್ದಾಗ, ಗುರುತಿಸಲಾಗದ ಗಿಡಗಳ ನಡುವೆ ಒಂದು ಹಾಳೆ ಗ್ರೇ ಅವರ ಕಣ್ಣಿಗೆ ಬಿತ್ತು. ಕೆಲವು ದುಂಡನೆಯ ಎಲೆಗಳು, ಒಂದು ಒಣಗಿದ ಕಾಯಿ, ಅಷ್ಟೆ. ಹೂವಿಲ್ಲ, ಹೆಸರಿಲ್ಲ. ಕೆರೊಲಿನಾದ ಎತ್ತರದ ಬೆಟ್ಟಗಳಲ್ಲಿ ಸಿಕ್ಕಿದ್ದೆಂದು ಮಾತ್ರ ಚೀಟಿಯಲ್ಲಿತ್ತು. ಮಿಷೋ ಅದನ್ನು ಕಿತ್ತಿದ್ದು 1780ರ ದಶಕದ ಕೊನೆಯಲ್ಲಿ. ಸುಮಾರು ಐವತ್ತು ವರ್ಷ ಆ ಗಿಡ ಹೆಸರಿಲ್ಲದೆ ಮಲಗಿತ್ತು. ಇದು ಯಾರೂ ವರ್ಣಿಸದ ಹೊಸ ಕುಲದ ಗಿಡ ಎಂದು ಗ್ರೇ ಕೂಡಲೇ ಗುರುತಿಸಿದರು. 1842ರಲ್ಲಿ ಟಾರೀ ಮತ್ತು ಗ್ರೇ ಅದಕ್ಕೆ ಶಾರ್ಟಿಯಾ ಎಂದು ಹೆಸರಿಟ್ಟರು. ಕೆಂಟಕಿಯ ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಶಾರ್ಟ್ ಅವರ ಗೌರವಾರ್ಥ ಇಟ್ಟ ಹೆಸರದು.

ಹೆಸರೇನೋ ಇಟ್ಟಾಯಿತು, ಜೀವಂತ ಗಿಡ ಎಲ್ಲಿ? ಗ್ರೇ 1841ರಲ್ಲಿ ಉತ್ತರ ಕೆರೊಲಿನಾದ ಬೆಟ್ಟಗಳನ್ನು ಹತ್ತಿ ಹುಡುಕಿದರು. 1843ರಲ್ಲಿ ಮತ್ತೆ ಹೋದರು. ಸಿಗಲಿಲ್ಲ. ಅವರಿಂದ ಕೇಳಿ ತಿಳಿದ ಬೇರೆ ಸಸ್ಯಶಾಸ್ತ್ರಜ್ಞರೂ ಹುಡುಕಿದರು. ಅಂಥ ಗಿಡ ನಿಜವಾಗಿ ಇದೆಯೇ ಎಂದು ಅನುಮಾನಪಡುವವರೂ ಹುಟ್ಟಿಕೊಂಡರು. ಯಾರ ಹೆಸರನ್ನು ಇಟ್ಟಿದ್ದರೋ ಆ ಶಾರ್ಟ್ ಅವರು ಗಿಡವನ್ನು ನೋಡದೆಯೇ 1863ರಲ್ಲಿ ತೀರಿಕೊಂಡರು.

ಅಂಚೆಯಲ್ಲಿ ಬಂದ ಕಾಡು

1842ರಲ್ಲಿ ಗ್ರೇ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಇದು ಮೆಸಾಚುಸೆಟ್ಸ್ ರಾಜ್ಯದ ಕೇಂಬ್ರಿಜ್ ಎಂಬ ಊರಿನಲ್ಲಿದೆ. ಇಂಗ್ಲೆಂಡಿನ ಕೇಂಬ್ರಿಜ್ ಬೇರೆ. ಅವರು ಸೇರಿದಾಗ ಅಲ್ಲಿ ಹೇಳಿಕೊಳ್ಳುವಂಥ ಸಸ್ಯಸಂಗ್ರಹ ಇರಲಿಲ್ಲ. ಗ್ರೇ ಸ್ವಂತ ಸಂಗ್ರಹವನ್ನೇ ಬೆಳೆಸುತ್ತಾ ಹೋದರು. 1848ರಲ್ಲಿ ಜೇನ್ ಲೋರಿಂಗ್ ಅವರನ್ನು ಮದುವೆಯಾದರು. ದಂಪತಿಗಳಿಗೆ ಮಕ್ಕಳಿರಲಿಲ್ಲ. ವಿಶ್ವವಿದ್ಯಾಲಯದ ಸಸ್ಯೋದ್ಯಾನದ ಒಳಗಿದ್ದ ಅವರ ಮನೆಯಲ್ಲಿ ಜಾಗ ಹಿಡಿದಿದ್ದು ಗಿಡಗಳ ಕಟ್ಟುಗಳೇ. ಅದೇ ವರ್ಷ ಅವರ ಪ್ರಸಿದ್ಧ ಕೈಪಿಡಿ ಹೊರಬಂತು. ಅಮೆರಿಕದ ಉತ್ತರ ಭಾಗದ ಗಿಡಗಳನ್ನು ಗುರುತಿಸಲು ಜನ ಮುಂದಿನ ನೂರು ವರ್ಷ ಅದರ ಹೊಸ ಹೊಸ ಆವೃತ್ತಿಗಳನ್ನು ಬಳಸಿದರು.

ಇಷ್ಟು ಗಿಡಗಳು ಬಂದದ್ದು ಎಲ್ಲಿಂದ? ಗ್ರೇ ತಾವೇ ಕಾಡು ಸುತ್ತಿ ತಂದದ್ದಕ್ಕಿಂತ ಅಂಚೆಯಲ್ಲಿ ಬಂದದ್ದು ಹೆಚ್ಚು. ಪಶ್ಚಿಮಕ್ಕೆ ಹೊರಟ ಸೈನಿಕರು, ರೈಲು ಮಾರ್ಗದ ಸರ್ವೆ ಮಾಡುತ್ತಿದ್ದವರು, ವೈದ್ಯರು, ಮೇಷ್ಟರು, ಹೀಗೆ ಎಲ್ಲರಿಗೂ ಗ್ರೇ ಕಾಗದ ಬರೆಯುತ್ತಿದ್ದರು. ಗಿಡವನ್ನು ಹೇಗೆ ಒತ್ತಿ ಒಣಗಿಸಬೇಕು, ಏನೇನು ಬರೆದಿಡಬೇಕು ಎಂದು ತಿಳಿಸುತ್ತಿದ್ದರು. ಕಳಿಸಿದವರಿಗೆ ಗಿಡದ ಹೆಸರು ತಿಳಿಸಿ ಉತ್ತರ ಬರೆಯುತ್ತಿದ್ದರು. ಹಿಂದೆ ಟಾರೀ ತಮಗೆ ಮಾಡಿದ ಉಪಕಾರವನ್ನೇ ಅವರು ನೂರಾರು ಜನರಿಗೆ ಮಾಡಿದರು ಎನ್ನಬಹುದು.

ಅವರಲ್ಲಿ ಒಬ್ಬರು ಚಾರ್ಲ್ಸ್ ರೈಟ್. ಟೆಕ್ಸಾಸಿನಲ್ಲಿ ಪಾಠ ಹೇಳಿಕೊಂಡು, ಜಮೀನು ಅಳೆದುಕೊಂಡು ಇದ್ದವರು. 1849ರಲ್ಲಿ ಸೇನೆಯ ಗಾಡಿಗಳ ಸಾಲಿನ ಜೊತೆ ನೂರಾರು ಮೈಲಿ ನಡೆದುಕೊಂಡೇ ಹೋಗಿ ಗಿಡ ಸಂಗ್ರಹಿಸಿದರು. ಮುಂದೆ ಅಮೆರಿಕ ಸರ್ಕಾರದ ಸಮುದ್ರಯಾನವೊಂದರಲ್ಲಿ ಜಪಾನಿಗೆ ಹೋಗಿ ಅಲ್ಲಿಂದಲೂ ಗಿಡಗಳನ್ನು ಒಣಗಿಸಿ ತಂದರು. ಆ ಕಟ್ಟುಗಳನ್ನು ಬಿಚ್ಚಿದಾಗ ಗ್ರೇ ಅವರಿಗೆ ಒಂದು ವಿಚಿತ್ರ ಕಾಣಿಸಿತು. ಜಪಾನಿನ ಗಿಡಗಳಿಗೂ ಅಮೆರಿಕದ ಪೂರ್ವ ಭಾಗದ ಗಿಡಗಳಿಗೂ ಅಣ್ಣತಮ್ಮಂದಿರ ಹೋಲಿಕೆ. ನಡುವೆ ಜಪಾನಿಗೆ ಹತ್ತಿರವಿರುವ ಪಶ್ಚಿಮ ಅಮೆರಿಕದಲ್ಲಿ ಅಷ್ಟು ಹೋಲಿಕೆ ಇಲ್ಲ. ಅರ್ಧ ಭೂಮಿಯಷ್ಟು ದೂರದಲ್ಲಿರುವ ಎರಡು ಕಡೆ ಒಂದೇ ಮನೆತನದ ಗಿಡಗಳು ಹೇಗೆ ಬಂದವು?

ಗ್ರೇ ಕೊಟ್ಟ ಉತ್ತರ ಹೀಗಿತ್ತು. ಬಹಳ ಹಿಂದೆ ಭೂಮಿ ಬೆಚ್ಚಗಿದ್ದ ಕಾಲದಲ್ಲಿ ಈ ಗಿಡಗಳ ಪೂರ್ವಜರು ಉತ್ತರದ ನೆಲದುದ್ದಕ್ಕೂ ಹರಡಿದ್ದವು. ಮುಂದೆ ಹಿಮಯುಗ ಬಂದು ಅವು ದಕ್ಷಿಣಕ್ಕೆ ಸರಿದವು. ನಡುವಿನವು ಅಳಿದು, ಎರಡು ತುದಿಯವು ಉಳಿದವು. ಹಾರ್ವರ್ಡಿನಲ್ಲೇ ಇದ್ದ ಲೂಯಿ ಅಗಾಸಿ ಎಂಬ ಮಹಾ ಪ್ರಸಿದ್ಧ ವಿಜ್ಞಾನಿ ಇದನ್ನು ಒಪ್ಪಲಿಲ್ಲ. ಪ್ರತಿಯೊಂದು ಜಾತಿಯೂ ಈಗ ಇರುವ ಸ್ಥಳದಲ್ಲೇ ಬೇರೆಯಾಗಿ ಸೃಷ್ಟಿಯಾಯಿತು ಎಂಬುದು ಅವರ ನಂಬಿಕೆ. 1859ರ ಆರಂಭದಲ್ಲಿ, ಡಾರ್ವಿನ್ನರ ಪುಸ್ತಕ ಇನ್ನೂ ಹೊರಬರುವ ಮೊದಲೇ, ವಿದ್ವತ್ ಸಭೆಗಳಲ್ಲಿ ಇಬ್ಬರ ನಡುವೆ ಚರ್ಚೆ ನಡೆಯಿತು. ಅಗಾಸಿ ಒಳ್ಳೆಯ ಮಾತುಗಾರರು, ಜನಪ್ರಿಯರು. ಗ್ರೇ ಅವರ ಬಳಿ ಇದ್ದದ್ದು ಹಾಳೆಗಳು. ಈ ಗಿಡ ಇಲ್ಲಿ ಸಿಕ್ಕಿದೆ, ಅದರ ಸಂಬಂಧಿ ಅಲ್ಲಿ ಸಿಕ್ಕಿದೆ ಎಂದು ಅವರು ಒಂದೊಂದನ್ನೇ ಎದುರಿಗಿಡಬಲ್ಲವರಾಗಿದ್ದರು.

ಡಾರ್ವಿನ್ ಗ್ರೇ ಅವರನ್ನು ನೆಚ್ಚಿಕೊಂಡಿದ್ದಕ್ಕೆ ಕಾರಣವೂ ಇದೇ. 1855ರಿಂದ ಡಾರ್ವಿನ್ ಕಾಗದದ ಮೇಲೆ ಕಾಗದ ಬರೆದು ಅಮೆರಿಕದ ಗಿಡಗಳ ಬಗ್ಗೆ ಕೇಳುತ್ತಿದ್ದರು. 1857ರ ಸೆಪ್ಟೆಂಬರಿನಲ್ಲಿ ಅವರು ಗ್ರೇ ಅವರಿಗೆ ಬರೆದ ಸಾರಾಂಶದ ಭಾಗವನ್ನೇ 1858ರ ಜುಲೈ 1ರಂದು ಲಂಡನ್ನಿನ ಲಿನೇಯನ್ ಸೊಸೈಟಿಯಲ್ಲಿ ವ್ಯಾಲೇಸ್ ಅವರ ಲೇಖನದ ಜೊತೆ ಓದಲಾಯಿತು. ಡಾರ್ವಿನ್ ಮೊದಲೇ ಹೀಗೆ ಯೋಚಿಸಿದ್ದರು ಎಂಬುದಕ್ಕೆ ತಾರೀಖಿನ ಸಮೇತ ಸಾಕ್ಷಿ ಸಿಕ್ಕಿತು. ಪುಸ್ತಕ ಹೊರಬಂದ ಮೇಲೆ ಅಮೆರಿಕದಲ್ಲಿ ಅದರ ಪರ ನಿಂತವರಲ್ಲಿ ಗ್ರೇ ಮೊದಲಿಗರು. ಅವರು ದೈವಭಕ್ತರಾದ ಕ್ರೈಸ್ತರು. ಜೀವವಿಕಾಸವನ್ನು ಒಪ್ಪಿದರೆ ದೇವರನ್ನು ಬಿಡಬೇಕಾಗಿಲ್ಲ ಎಂಬುದು ಅವರ ನಿಲುವಾಗಿತ್ತು. ಈ ವಿಷಯದಲ್ಲಿ ಡಾರ್ವಿನ್ ಜೊತೆಗೂ ಭಿನ್ನಾಭಿಪ್ರಾಯವಿತ್ತು. ಸ್ನೇಹಕ್ಕೆ ಅದು ಅಡ್ಡಿಯಾಗಲಿಲ್ಲ.

ಬೆಂಕಿಯ ಭಯ

1860ರ ದಶಕದ ಹೊತ್ತಿಗೆ ಗ್ರೇ ಅವರ ಮನೆ ಒಣಗಿದ ಗಿಡಗಳಿಂದ ತುಂಬಿಹೋಗಿತ್ತು. ಕಡಿಮೆ ಎಂದರೂ 2,00,000 ಮಾದರಿಗಳು, 2,200 ಪುಸ್ತಕಗಳು. ಒಣಗಿದ ಎಲೆ, ಕಾಗದ, ಸುತ್ತ ಮರದ ಮನೆ, ಚಳಿಗಾಲಕ್ಕೆ ಒಳಗೆ ಉರಿಯುವ ಒಲೆ. ಒಂದು ಕಿಡಿ ಬಿದ್ದರೆ ಏನಾಗುತ್ತದೆ ಎಂದು ನಮ್ಮ ಹಳ್ಳಿಗಳಲ್ಲಿ ಬಣವೆಗೆ ಬೆಂಕಿ ಬಿದ್ದದ್ದನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ಎಷ್ಟೋ ಹಾಳೆಗಳು ಜಗತ್ತಿಗೆಲ್ಲ ಒಂದೇ ಪ್ರತಿ. ಒಂದು ಜಾತಿಗೆ ಮೊದಲು ಹೆಸರು ಕೊಡುವಾಗ ಯಾವ ಮಾದರಿಯನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೋ ಅದೇ ಆ ಹೆಸರಿಗೆ ಮೂಲ ಸಾಕ್ಷಿ. ಅದು ಸುಟ್ಟರೆ ಸಾಕ್ಷಿಯೇ ಹೋದಂತೆ.

1864ರಲ್ಲಿ ಗ್ರೇ ತಮ್ಮ ಇಡೀ ಸಂಗ್ರಹವನ್ನೂ ಪುಸ್ತಕಗಳನ್ನೂ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಉಚಿತವಾಗಿ ಕೊಡುವುದಾಗಿ ತಿಳಿಸಿದರು. ಷರತ್ತು ಒಂದೇ: ಅವನ್ನು ಇಡಲು ಬೆಂಕಿ ತಗಲದ ಕಟ್ಟಡ ಆಗಬೇಕು. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ಒಣಗಿದ ಎಲೆಗಳಿಗೆ ಕಟ್ಟಡ ಕಟ್ಟಿಸಿ ಎಂದು ಕೇಳುವುದು ಸುಲಭವಲ್ಲ. ಬಾಸ್ಟನ್ನಿನ ಸಾಹುಕಾರರಾದ ನಥಾನಿಯಲ್ ಥೇಯರ್ ಮುಂದೆ ಬಂದು ಖರ್ಚು ವಹಿಸಿಕೊಂಡರು. ಗ್ರೇ ಅವರ ಮನೆಯ ಪಕ್ಕದಲ್ಲೇ ಇಟ್ಟಿಗೆಯ ಕಟ್ಟಡ ಎದ್ದಿತು. ಜೀವಮಾನದ ಗಳಿಕೆ ಅಲ್ಲಿಗೆ ಹೋಯಿತು. ಅದರ ಒಡೆತನ ಬಿಟ್ಟುಕೊಟ್ಟ ಮೇಲೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಗ್ರೇ ಅದೇ ಕಟ್ಟಡದಲ್ಲಿ ಕೆಲಸ ಮಾಡಿದರು.

ಗ್ರೇ ಅವರ ಭಯ ಸುಳ್ಳಲ್ಲ ಎಂಬುದಕ್ಕೆ ಮುಂದಿನ ಕಾಲದ ಒಂದು ಉದಾಹರಣೆ ಸಾಕು. ಗ್ರೇ ಯೌವನದಲ್ಲಿ ಭೇಟಿ ಕೊಟ್ಟಿದ್ದ ಬರ್ಲಿನ್ ನಗರದ ಹರ್ಬೇರಿಯಂ ಜಗತ್ತಿನ ಅತಿ ದೊಡ್ಡ ಸಂಗ್ರಹಗಳಲ್ಲಿ ಒಂದಾಗಿ ಬೆಳೆದಿತ್ತು. ಎರಡನೇ ಮಹಾಯುದ್ಧದಲ್ಲಿ, 1943ರ ಮಾರ್ಚ್ 1ರ ರಾತ್ರಿ, ಬಾಂಬು ದಾಳಿಯಿಂದ ಹೊತ್ತಿದ ಬೆಂಕಿಯಲ್ಲಿ ಅದರ ಬಹುಪಾಲು ಸುಟ್ಟುಹೋಯಿತು.

ಹದಿನೇಳರ ಹುಡುಗನ ಕೈಗೆ ಸಿಕ್ಕ ಗಿಡ

ಶಾರ್ಟಿಯಾ ಗಿಡದ ಕಥೆ ಇನ್ನೂ ಮುಗಿದಿಲ್ಲ. ಜಪಾನಿನ ಗಿಡಗಳ ನಡುವೆ ಗ್ರೇ ಅದರ ಹತ್ತಿರದ ಸಂಬಂಧಿಯೊಂದನ್ನು ಗುರುತಿಸಿದ್ದರು. ಹಾಗಾಗಿ ಜೀವಂತ ಶಾರ್ಟಿಯಾ ಸಿಕ್ಕರೆ ಅವರ ವಾದಕ್ಕೂ ಬಲ ಬರುತ್ತಿತ್ತು. 1877ರ ಮೇ ತಿಂಗಳಲ್ಲಿ ಉತ್ತರ ಕೆರೊಲಿನಾದ ಕಟಾಬಾ ನದಿಯ ದಡದಲ್ಲಿ ಜಾರ್ಜ್ ಹಯಾಮ್ಸ್ ಎಂಬ ಹದಿನೇಳು ವರ್ಷದ ಹುಡುಗ ಗುರುತು ಸಿಗದ ಒಂದು ಗಿಡವನ್ನು ಕಿತ್ತು ತಂದ. ಅವನ ತಂದೆ ಔಷಧಿ ಗಿಡಮೂಲಿಕೆಗಳ ವ್ಯಾಪಾರದಲ್ಲಿದ್ದವರು. ಅವರಿಗೂ ಗುರುತು ಸಿಗದೆ ಪರಿಚಯದ ಸಸ್ಯಶಾಸ್ತ್ರಜ್ಞರೊಬ್ಬರಿಗೆ ಕಳಿಸಿದರು. ಅವರ ಮೂಲಕ ಅದು 1878ರಲ್ಲಿ ಗ್ರೇ ಅವರ ಮೇಜಿನ ಮೇಲೆ ಬಂತು. ಈ ಸಲ ಹೂವೂ ಇತ್ತು. ಪ್ಯಾರಿಸ್ಸಿನಲ್ಲಿ ಆ ಹಾಳೆ ನೋಡಿ ಮೂವತ್ತೊಂಬತ್ತು ವರ್ಷ ಕಳೆದಿತ್ತು. ಮರುವರ್ಷ ಅರವತ್ತೆಂಟರ ಗ್ರೇ ಹೆಂಡತಿ ಮತ್ತು ಗೆಳೆಯರ ಜೊತೆ ಆ ನದಿಯ ದಡಕ್ಕೇ ಹೋಗಿ ಗಿಡ ಬೆಳೆದಿದ್ದನ್ನು ಕಣ್ಣಾರೆ ಕಂಡರು.

ಇಷ್ಟು ವರ್ಷ ಸಿಗದಿದ್ದುದು ಏಕೆ? ಚೀಟಿಯಲ್ಲಿ ಎತ್ತರದ ಬೆಟ್ಟಗಳು ಎಂದಿತ್ತು. ಎಲ್ಲರೂ ಶಿಖರಗಳನ್ನು ಹತ್ತಿದರು. ಗಿಡ ಬೆಳೆಯುತ್ತಿದ್ದುದು ಕೆಳಗೆ, ಹೊಳೆಯ ದಡದ ನೆರಳಿನಲ್ಲಿ. ಮಿಷೋ ತಮ್ಮ ದಿನಚರಿಯಲ್ಲಿ ಜಾಗವನ್ನು ಇನ್ನೂ ವಿವರವಾಗಿ ಬರೆದಿದ್ದರು. 1886ರಲ್ಲಿ ಚಾರ್ಲ್ಸ್ ಸಾರ್ಜೆಂಟ್ ಎಂಬ ಸಸ್ಯಶಾಸ್ತ್ರಜ್ಞರು ಆ ದಿನಚರಿಯ ಜಾಡು ಹಿಡಿದು ಹೋದಾಗ ಮಿಷೋ ಗಿಡ ಕಿತ್ತ ಪ್ರದೇಶದಲ್ಲೂ ಶಾರ್ಟಿಯಾ ಸಿಕ್ಕಿತು. ಅಂದರೆ ಮಾಹಿತಿ ಇತ್ತು, ಆದರೆ ಗಿಡ ಒಂದು ಕಡೆ, ಮಾಹಿತಿ ಇನ್ನೊಂದು ಕಡೆ. ಚೀಟಿಯಲ್ಲಿ ಹೊಳೆಯ ಹೆಸರೊಂದಿದ್ದರೆ ಗ್ರೇ ಅವರ ಹುಡುಕಾಟ ಇಷ್ಟು ದೀರ್ಘವಾಗುತ್ತಿರಲಿಲ್ಲ. ನನ್ನ ವೃತ್ತಿಯಲ್ಲಿ ದಿನವೂ ಕಾಣುವ ತೊಂದರೆ ಇದೇ ಆದ್ದರಿಂದ ಈ ಕಥೆ ನನಗೆ ತುಂಬಾ ಹಿಡಿಸಿತು.

1885ರಲ್ಲಿ ಗ್ರೇ ಅವರ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಅಮೆರಿಕದ ಸಸ್ಯಶಾಸ್ತ್ರಜ್ಞರೆಲ್ಲ ಸೇರಿ ಒಂದು ಬೆಳ್ಳಿಯ ಹೂದಾನಿ ಮಾಡಿಸಿಕೊಟ್ಟರು. ಅದರ ಮೇಲೆ ಕೆತ್ತಿಸಿದ ಹೂಗಳಲ್ಲಿ ಶಾರ್ಟಿಯಾ ಕೂಡ ಇತ್ತು. 1888ರ ಜನವರಿ 30ರಂದು ಗ್ರೇ ತಮ್ಮ ಮನೆಯಲ್ಲೇ ತೀರಿಕೊಂಡರು.

ಹಾಳೆಯಿಂದ ಕಂಪ್ಯೂಟರಿಗೆ

ಗ್ರೇ ಕೊಟ್ಟ ಸಂಗ್ರಹ ಇಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಹರ್ಬೇರಿಯಂಗಳ ಒಂದು ಭಾಗ. ಎಲ್ಲ ಸೇರಿ ಅಲ್ಲಿ 50 ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ. ಅವನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸ ನಡೆಯುತ್ತಾ ಬಂದಿದೆ. ಇಂಥ ಕೆಲಸ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ ರೀತಿ ಸಾಗುತ್ತದೆ. ಮೊದಲು ಪ್ರತಿ ಹಾಳೆಗೂ ಒಂದು ಬಾರ್‌ಕೋಡ್ ಅಂಟಿಸುತ್ತಾರೆ. ಬಣ್ಣದ ಪಟ್ಟಿ ಮತ್ತು ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಫೋಟೋ ತೆಗೆಯುತ್ತಾರೆ. ಆಮೇಲೆ ಚೀಟಿಯ ಬರಹವನ್ನು ಓದಿ ಹೆಸರು, ಸ್ಥಳ, ತಾರೀಖು, ಸಂಗ್ರಾಹಕರು ಎಂದು ಬೇರೆ ಬೇರೆ ಕಾಲಂಗಳಿಗೆ ತುಂಬುತ್ತಾರೆ. ಕೊನೆಗೆ ಸ್ಥಳವನ್ನು ಅಕ್ಷಾಂಶ ರೇಖಾಂಶಕ್ಕೆ ಬದಲಾಯಿಸಿ ನಕ್ಷೆಯ ಮೇಲೆ ಗುರುತಿಸುತ್ತಾರೆ.

ಫೋಟೋ ತೆಗೆಯುವುದು ಇದರಲ್ಲಿ ಸುಲಭದ ಭಾಗ. ಕಷ್ಟವಿರುವುದು ಚೀಟಿಯಲ್ಲಿ. ನೂರೈವತ್ತು ವರ್ಷದ ಹಿಂದಿನ ಕೈಬರಹ, ಮಾಸಿದ ಶಾಯಿ, ಈಗ ಹೆಸರು ಬದಲಾದ ಊರುಗಳು. ಅಪೂರ್ವ ಗಿಡಗಳ ನಿಖರ ಜಾಗವನ್ನು ಬಹಿರಂಗಪಡಿಸಿದರೆ ಕದಿಯುವವರು ಬರುತ್ತಾರೆ, ಅದನ್ನು ಮರೆಮಾಡಬೇಕು. ಇಷ್ಟೆಲ್ಲ ಆದ ಮೇಲೆ ಜಗತ್ತಿನ ಯಾವ ಮೂಲೆಯಲ್ಲಿ ಕುಳಿತವರೂ ಆ ಹಾಳೆಯನ್ನು ನೋಡಬಹುದು. ಗ್ರೇ ಹಡಗು ಹತ್ತಿ ಯೂರೋಪಿಗೆ ಹೋಗಿ ನೋಡಿದ್ದನ್ನು ಇಂದು ಒಬ್ಬ ವಿದ್ಯಾರ್ಥಿ ಮೊಬೈಲಿನಲ್ಲೇ ನೋಡಬಹುದು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಒಂದು ಹರ್ಬೇರಿಯಂ ಇದೆ. ಕರ್ನಾಟಕದ ಗಿಡಗಳ ಮಾಹಿತಿಯನ್ನು ಅವರೂ ಅಂತರ್ಜಾಲದಲ್ಲಿ ಒದಗಿಸಿದ್ದಾರೆ.

ಫೋಟೋ ಸಿಕ್ಕ ಮೇಲೆ ಒಣಗಿದ ಗಿಡ ಏಕೆ ಬೇಕು? ಈ ಪ್ರಶ್ನೆಯನ್ನು ಜಾಣರೂ ಕೇಳುತ್ತಾರೆ. ಇದಕ್ಕೆ ಉತ್ತರವಾಗಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಹರ್ಬೇರಿಯಂನಲ್ಲಿ ನಡೆದ ಒಂದು ಅಧ್ಯಯನವನ್ನು ಹೇಳುತ್ತೇನೆ. ಎಲೆಗಳ ಮೇಲೆ ಗಾಳಿಯಾಡುವ ಪತ್ರರಂಧ್ರಗಳಿರುತ್ತವೆ ಎಂದು ನಾವು ಹೈಸ್ಕೂಲಿನಲ್ಲೇ ಕಲಿಯುತ್ತೇವೆ. ಇಯಾನ್ ವುಡ್‌ವರ್ಡ್ ಎಂಬ ವಿಜ್ಞಾನಿ ಅಲ್ಲಿದ್ದ ಹಳೆಯ ಎಲೆಗಳ ಪತ್ರರಂಧ್ರಗಳನ್ನು ಎಣಿಸಿ, ಇನ್ನೂರು ವರ್ಷಗಳಲ್ಲಿ ಅವುಗಳ ಸಂಖ್ಯೆ ಸುಮಾರು ಶೇಕಡಾ 40ರಷ್ಟು ಇಳಿದಿದೆ ಎಂದು 1987ರಲ್ಲಿ ಪ್ರಕಟಿಸಿದರು. ಕಾರ್ಖಾನೆಗಳ ಹೊಗೆಯಿಂದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಂತೆ ಮರಗಳು ಕಡಿಮೆ ರಂಧ್ರಗಳಲ್ಲೇ ಉಸಿರಾಡತೊಡಗಿದ್ದವು. ಆ ಎಲೆಗಳನ್ನು ಕಿತ್ತು ಒಣಗಿಸಿದವರಿಗೆ ಇಂಥ ಪ್ರಶ್ನೆಯೊಂದು ಹುಟ್ಟುತ್ತದೆ ಎಂಬ ಕಲ್ಪನೆಯೂ ಇರಲಿಲ್ಲ. ಅವರು ಎಲೆಯನ್ನು ಇಟ್ಟರು, ತಾರೀಖು ಬರೆದರು, ಅಷ್ಟೆ. ಹಾಳೆಯ ಫೋಟೋದಲ್ಲಿ ಪತ್ರರಂಧ್ರ ಕಾಣುವುದಿಲ್ಲ. ಡಿ.ಎನ್.ಎ. ಪರೀಕ್ಷೆಯನ್ನೂ ಫೋಟೋದ ಮೇಲೆ ಮಾಡಲಾಗದು. ನಾಳೆ ಯಾವ ಪ್ರಶ್ನೆ ಬರುತ್ತದೋ ಯಾರಿಗೂ ಗೊತ್ತಿಲ್ಲ, ಆದ್ದರಿಂದ ಮೂಲ ಉಳಿಯಬೇಕು. ಕಂಪ್ಯೂಟರಿನ ಕೆಲಸ ಮಾಡುವವನಾಗಿ ಇದನ್ನು ನಾನು ಹೇಳಲೇಬೇಕು. ಡಿಜಿಟಲ್ ಪ್ರತಿ ಹಾಳೆಯನ್ನು ಎಲ್ಲರಿಗೂ ತಲುಪಿಸುತ್ತದೆ. ಹಾಳೆಯ ಬದಲಿಗೆ ನಿಲ್ಲುವ ಶಕ್ತಿ ಅದಕ್ಕಿಲ್ಲ.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. 2024ರ ಫೆಬ್ರವರಿಯಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ ತನ್ನ ಎಂಟು ಲಕ್ಷಕ್ಕೂ ಹೆಚ್ಚು ಮಾದರಿಗಳ ಹರ್ಬೇರಿಯಂ ಅನ್ನು ಮುಚ್ಚಿ, ಸಂಗ್ರಹವನ್ನು ಬೇರೆಡೆಗೆ ಸಾಗಿಸುವುದಾಗಿ ತಿಳಿಸಿತು. ಆ ವಿಶ್ವವಿದ್ಯಾಲಯ ಇರುವುದು ಶಾರ್ಟಿಯಾ ಸಿಕ್ಕ ಉತ್ತರ ಕೆರೊಲಿನಾದಲ್ಲೇ. ಜಗತ್ತಿನ ಅನೇಕ ಸಸ್ಯವಿಜ್ಞಾನಿಗಳು ಅದನ್ನು ವಿರೋಧಿಸಿದರು. ಹಣವಂತ ವಿಶ್ವವಿದ್ಯಾಲಯಕ್ಕೇ ಒಣಗಿದ ಎಲೆ ಹೊರೆಯಾಗುವುದಾದರೆ ಉಳಿದವರ ಪಾಡೇನು? 1864ರಲ್ಲಿ ಗ್ರೇ ಹಾಕಿದ ಷರತ್ತಿನ ಬೆಲೆ ಇಂಥ ಹೊತ್ತಿನಲ್ಲಿ ತಿಳಿಯುತ್ತದೆ. ಮೊದಲು ಮನೆ ಕಟ್ಟಿ, ಆಮೇಲೆ ಕೊಡುತ್ತೇನೆ ಎಂದವರು ಅವರು.

ವಿದ್ಯಾರ್ಥಿಗಳಿಗೆ ಒಂದು ಮಾತು

ನಮ್ಮ ಶಾಲೆಗೆ ಐವತ್ತು ತುಂಬಿದ ನೆನಪಿಗೆ ಈಗಿನ ವಿದ್ಯಾರ್ಥಿಗಳು ಶಾಲೆಯ ಸುತ್ತಮುತ್ತ ಬೆಳೆಯುವ ಐವತ್ತು ಸಾಮಾನ್ಯ ಗಿಡಗಳ ಹಾಳೆಗಳನ್ನು ಮಾಡಿ ಇಡಬಹುದು ಎಂಬುದು ನನ್ನ ಸಲಹೆ. ತುಂಬೆ, ಉತ್ತರಾಣಿ, ತಂಗಡಿ, ಎಕ್ಕ, ಹೊಂಗೆ, ಹೀಗೆ ದಿನವೂ ತುಳಿದು ಓಡಾಡುವ ಗಿಡಗಳೇ ಸಾಕು. ಅಪರೂಪದವನ್ನು ಕೀಳುವುದು ಬೇಡ. ಹೂವು ಅಥವಾ ಕಾಯಿ ಇರುವ ಒಂದು ರೆಂಬೆಯನ್ನು ಹಳೆಯ ದಿನಪತ್ರಿಕೆಯ ನಡುವೆ ಇಟ್ಟು, ಮೇಲೆ ಭಾರ ಹೇರಿ, ದಿನಕ್ಕೊಮ್ಮೆ ಪತ್ರಿಕೆ ಬದಲಾಯಿಸಿದರೆ ಒಂದೆರಡು ವಾರದಲ್ಲಿ ಒಣಗುತ್ತದೆ. ಆಮೇಲೆ ದಪ್ಪ ಬಿಳಿ ಹಾಳೆಗೆ ಅಂಟಿಸಿ, ತೇವ ಮತ್ತು ಹುಳು ತಾಗದಂತೆ ಕಬ್ಬಿಣದ ಬೀರುವಿನಲ್ಲಿ ಇಡಬೇಕು. ಮೊಬೈಲಿನಲ್ಲಿ ಫೋಟೋ ತೆಗೆದು ಇಟ್ಟರೆ ನಮ್ಮಂಥ ಹಳೆಯ ವಿದ್ಯಾರ್ಥಿಗಳು ಅದನ್ನು ಅಂತರ್ಜಾಲಕ್ಕೆ ಸೇರಿಸಲು ಸಂತೋಷದಿಂದ ಸಹಾಯ ಮಾಡುತ್ತೇವೆ.

ಚೀಟಿಯನ್ನು ಮಾತ್ರ ಮರೆಯಬೇಡಿ. ನಮ್ಮ ಕಡೆಯ ಹೆಸರು, ವೈಜ್ಞಾನಿಕ ಹೆಸರು, ತಾರೀಖು, ಕಿತ್ತವರ ಹೆಸರು ಎಲ್ಲ ಬರೆಯಿರಿ. ಸ್ಥಳ ಬರೆಯುವಾಗ ಊರಿನ ಹೆಸರು ಬರೆದು ಸುಮ್ಮನಾಗಬೇಡಿ. ಕೆರೆ ಏರಿಯ ಯಾವ ಬದಿ, ಯಾರ ಹೊಲದ ಬದು, ನೆರಳೋ ಬಿಸಿಲೋ, ಅದನ್ನೂ ಬರೆಯಿರಿ. ಶಾಲೆಗೆ ನೂರು ತುಂಬುವಾಗ ಆ ಕೆರೆ, ಆ ಬದು ಹೀಗೇ ಇರುತ್ತವೆ ಎಂದು ಹೇಳುವಂತಿಲ್ಲ. ಆಗ ಬೀರು ತೆರೆಯುವ ಹುಡುಗಿಗೋ ಹುಡುಗನಿಗೋ ಇಲ್ಲಿ ಏನಿತ್ತು, ಎಲ್ಲಿತ್ತು ಎಂದು ಹೇಳಲು ನೀವು ಬರೆದ ಚೀಟಿ ಇರಬೇಕು.